ಸಂತೆಯ ಮರುದಿನ

ಮಕ್ಕಳ ಸಂತೆ ನಡೆಯುತ್ತದೆ ಎಂದು ಸುತ್ತಮುತ್ತಲ ಯಾವ ಶಾಲೆಯಿಂದ ಸುದ್ದಿ ಬಂದರೂ ನಾನು ಕೈಚೀಲ ಹಿಡಿದು ಹೊರಡುತ್ತೇನೆ. ಕೆಲವು ಶಾಲೆಗಳಲ್ಲಿ ಇದಕ್ಕೆ ಮೆಟ್ರಿಕ್ ಮೇಳ ಎಂಬ ಹೆಸರೂ ಇದೆ. ಧ್ವಜಕಟ್ಟೆಯ ಸುತ್ತ ಗೋಣಿಚೀಲ, ಹಳೆಯ ಸೀರೆ, ಟಾರ್ಪಾಲು ಹಾಸಿಕೊಂಡು ಮಕ್ಕಳು ಸಾಲಾಗಿ ಕೂತಿರುತ್ತಾರೆ. ಒಬ್ಬಳ ಮುಂದೆ ಕರಿಬೇವಿನ ರಾಶಿ, ಪಕ್ಕದವನ ಮುಂದೆ ಹಿತ್ತಿಲಿನ ನುಗ್ಗೆಕಾಯಿ, ಅದರಾಚೆ ನಿಂಬೆಹಣ್ಣಿನ ಗುಡ್ಡೆ, ಅವರೆಕಾಯಿ, ತೆಂಗಿನಕಾಯಿ, ಚೆಂಡುಹೂವು. ತಿಂಡಿಯ ಸಾಲು ಬೇರೆ: ಚುರುಮುರಿ, ಕೋಡುಬಳೆ, ಕಡಲೆ ಉಸಲಿ, ಮಜ್ಜಿಗೆ. ಕಾಲು ಕಟ್ಟಿದ ನಾಟಿ ಕೋಳಿಯನ್ನು ತಂದು ಕೂರುವ ಧೈರ್ಯವಂತರೂ ಇರುತ್ತಾರೆ. ಎಸ್‌ಡಿಎಂಸಿ ಅಧ್ಯಕ್ಷರು ಟೇಪು ಕತ್ತರಿಸುವುದೇ ತಡ, ಇಷ್ಟು ಹೊತ್ತು ಉಸಿರು ಬಿಗಿಹಿಡಿದಿದ್ದ ಮಕ್ಕಳೆಲ್ಲ ಒಟ್ಟಿಗೆ ಕೂಗತೊಡಗುತ್ತಾರೆ. ತರಗತಿಯಲ್ಲಿ ಎದ್ದು ನಿಂತು ಹೆಸರು ಹೇಳಲೂ ತಡವರಿಸುವ ಹುಡುಗಿ ಇಲ್ಲಿ "ಬನ್ನಿ ಅಕ್ಕ, ಬನ್ನಿ ಅಣ್ಣ, ಈಗ ಕಿತ್ತ ಸೊಪ್ಪು" ಎಂದು ಇಡೀ ಅಂಗಳಕ್ಕೆ ಕೇಳುವಂತೆ ಕರೆಯುತ್ತಾಳೆ.

ಪಿಯುಸಿ ಮಕ್ಕಳಿಗೆ ವಾಣಿಜ್ಯಶಾಸ್ತ್ರ ಪಾಠ ಮಾಡುತ್ತಾ ಬಂದವನು ನಾನು. ಉದ್ಯಮಿ ಎಂದರೆ ಯಾರು, ಅವನ ಗುಣಲಕ್ಷಣಗಳೇನು ಎಂಬ ಪ್ರಶ್ನೆಗೆ ಎಂಟು ಅಂಶಗಳ ಉತ್ತರ ಬರೆಸಿದ್ದೇನೆ. ಅಪಾಯ ಎದುರಿಸುವ ಗುಣ ಎಂಬುದು ಆ ಪಟ್ಟಿಯಲ್ಲಿ ಒಂದು ಸಾಲು. ಅದನ್ನು ಬರೆದ ಮಕ್ಕಳಿಗೆ ಅಂಕ ಬರುತ್ತದೆ, ಆದರೆ ಅಪಾಯದ ರುಚಿ ನಾಲಿಗೆಗೆ ತಾಗುವುದಿಲ್ಲ. ಶಾಲೆಯ ಅಂಗಳದಲ್ಲಿ ಐದನೇ ತರಗತಿಯ ಹುಡುಗ ಎರಡು ಡಜನ್ ಬಾಳೆಹಣ್ಣು ತಂದು, ಮಧ್ಯಾಹ್ನದೊಳಗೆ ಖರ್ಚಾಗದಿದ್ದರೆ ಏನು ಗತಿ ಎಂದು ಕತ್ತೆತ್ತಿ ಬಿಸಿಲನ್ನು ನೋಡುತ್ತಾನಲ್ಲ, ಆ ಎಂಟು ಅಂಶಗಳಲ್ಲಿ ಅರ್ಧದಷ್ಟು ಅವನಿಗೆ ಅಲ್ಲೇ ಅರ್ಥವಾಗಿರುತ್ತದೆ.

ಸಂತೆಯ ಚೌಕಾಸಿ ಕೇಳುವುದೇ ಒಂದು ಸುಖ. ಊರಿನ ಅಜ್ಜಿಯರು ಮಕ್ಕಳೆಂದು ರಿಯಾಯಿತಿ ತೋರಿಸುವವರಲ್ಲ.

"ಏನ್ ಮಗಾ, ಕಟ್ಟು ಹೆಂಗೆ?"

"ಹತ್ತು ರೂಪಾಯಿ ಅಜ್ಜಿ."

"ಇಷ್ಟುದ್ದ ಕಟ್ಟಿಗೆ ಹತ್ತಾ? ಆರಕ್ಕೆ ಕೊಡು."

"ಬೋಣಿ ಅಜ್ಜಿ, ಎಂಟಕ್ಕೆ ತಗೊಳ್ಳಿ."

ಅಜ್ಜಿ ಎಂಟು ಕೊಟ್ಟು, ಮೇಲೆ ಎರಡು ಎಳೆ ಕೊತ್ತಂಬರಿಯನ್ನು ಕೊಸರು ಎಂದು ತಾನೇ ಎತ್ತಿಕೊಳ್ಳುತ್ತಾಳೆ. ಮಗು ತಡೆಯಲು ಕೈ ಚಾಚಿ, ಆಮೇಲೆ ಹಿಂದೆಗೆದುಕೊಳ್ಳುತ್ತದೆ. ಬೋಣಿ ಮಾಡಿದ ಗಿರಾಕಿಯ ಮನಸ್ಸು ಮುರಿಯಬಾರದು ಎಂದು ಆ ಮಗುವಿಗೆ ಹೇಳಿಕೊಟ್ಟವರು ಯಾರು? ಅಮ್ಮನ ಜೊತೆ ಸಂತೆಗೆ ಹೋಗಿ, ಅಮ್ಮನ ಸೆರಗು ಹಿಡಿದು ನಿಂತಿದ್ದಾಗ ಕಿವಿಗೆ ಬಿದ್ದದ್ದು. ಇಂಥ ಎಷ್ಟೋ ತಿಳಿವಳಿಕೆಯನ್ನು ಮಕ್ಕಳು ಮನೆಯಿಂದ ಹೊತ್ತು ತರುತ್ತಾರೆ. ಶಾಲೆಯ ಗೇಟಿನ ಬಳಿ ಅದನ್ನು ಇಳಿಸಿ ಒಳಗೆ ಬರುವುದು ರೂಢಿಯಾಗಿದೆ. ಸಂತೆಯ ದಿನ ಮಾತ್ರ ಅದಕ್ಕೆ ಒಳಗೆ ಪ್ರವೇಶ.

ಚಿಲ್ಲರೆ ಕೊಡುವ ರೀತಿಯನ್ನೇ ನೋಡಿ. ಮೂವತ್ತೈದು ರೂಪಾಯಿಯ ಸಾಮಾನಿಗೆ ಐವತ್ತರ ನೋಟು ಬಂದರೆ, ಮಗು ಐವತ್ತರ ಕೆಳಗೆ ಮೂವತ್ತೈದು ಬರೆದು ದಶಕ ಎರವಲು ತೆಗೆದುಕೊಳ್ಳುವುದಿಲ್ಲ. ಐದರ ನಾಣ್ಯ ಕೈಗಿಟ್ಟು "ನಲವತ್ತು" ಎನ್ನುತ್ತದೆ, ಹತ್ತರ ನೋಟು ಇಟ್ಟು "ಐವತ್ತು" ಎನ್ನುತ್ತದೆ, ಲೆಕ್ಕ ಮುಗಿಯಿತು. ಬ್ರೆಜಿಲ್ ದೇಶದ ರೆಸಿಫೆ ನಗರದ ಬೀದಿಗಳಲ್ಲಿ ವ್ಯಾಪಾರ ಮಾಡುವ ಮಕ್ಕಳ ಬಗ್ಗೆ 1985ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ನಾನು ಆಗಾಗ ನೆನೆಯುತ್ತೇನೆ. ಸಂಶೋಧಕರು ಗಿರಾಕಿಗಳಂತೆ ಹೋಗಿ, ಒಂದು ತೆಂಗಿನಕಾಯಿಗೆ 35 ಆದರೆ ಹತ್ತಕ್ಕೆ ಎಷ್ಟು ಎಂದು ಹನ್ನೆರಡರ ಹುಡುಗನನ್ನು ಕೇಳಿದರು. ಅವನು ಮೂರು ಕಾಯಿಗೆ 105, ಇನ್ನು ಮೂರು ಸೇರಿದರೆ 210 ಎಂದು ಕೂಡಿಸುತ್ತಾ 350ಕ್ಕೆ ಬಂದು ನಿಂತ. ಹತ್ತರಿಂದ ಗುಣಿಸಲು ಸೊನ್ನೆ ಸೇರಿಸಬೇಕು ಎಂಬ ಶಾಲೆಯ ದಾರಿ ಅವನಿಗೆ ಬೇಕಾಗಿರಲಿಲ್ಲ. ಬೀದಿಯಲ್ಲಿ ಆ ಮಕ್ಕಳು ಕೊಟ್ಟ ಉತ್ತರಗಳಲ್ಲಿ ನೂರಕ್ಕೆ 98 ಸರಿಯಾಗಿದ್ದವು. ಅದೇ ಲೆಕ್ಕಗಳನ್ನು ಬರೀ ಅಂಕಿಗಳಾಗಿ ಕಾಗದದ ಮೇಲೆ ಕೊಟ್ಟಾಗ ಸರಿ ಬಂದದ್ದು ನೂರಕ್ಕೆ 37 ಮಾತ್ರ.

ಇದು ದೂರದ ದೇಶದ ಮಾತಾಯಿತು ಎನ್ನುವಂತಿಲ್ಲ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ಕೋಲ್ಕತ್ತ ಹಾಗೂ ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ನಡುವೆ ನಡೆಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು. ತರಕಾರಿ ಅಂಗಡಿಯಲ್ಲಿ ಕಷ್ಟದ ಲೆಕ್ಕವನ್ನು ಬಾಯಲ್ಲೇ ಮಾಡುವ ಮಕ್ಕಳು ಪಾಠದ ಪುಸ್ತಕದ ಸುಲಭ ಲೆಕ್ಕದ ಮುಂದೆ ಸೋಲುತ್ತಾರೆ. ಪುಸ್ತಕದ ಲೆಕ್ಕ ಬಲ್ಲ ಶಾಲೆಯ ಮಕ್ಕಳು ಅಂಗಡಿಯಲ್ಲಿ ತಬ್ಬಿಬ್ಬಾಗುತ್ತಾರೆ. ಎರಡೂ ದಡದಲ್ಲಿ ಜಾಣರಿದ್ದಾರೆ, ನಡುವೆ ಸೇತುವೆಯಿಲ್ಲ.

ಆ ಸೇತುವೆ ಎಲ್ಲಿ ಕಟ್ಟಬೇಕು? ಸಂತೆಯ ಮರುದಿನ, ತರಗತಿಯೊಳಗೆ. ಇದೇ ನನ್ನ ಗಟ್ಟಿಯಾದ ನಂಬಿಕೆ. ಸಂತೆಗೆ ತಯಾರಿ ಎಷ್ಟೊಂದು ನಡೆಯುತ್ತದೆ! ಬ್ಯಾನರು ಬರೆಸುತ್ತಾರೆ, ಶಾಮಿಯಾನ ಹಾಕಿಸುತ್ತಾರೆ, ಕ್ಲಸ್ಟರಿನ ಅಧಿಕಾರಿಗಳನ್ನು ಕರೆಯುತ್ತಾರೆ, ಫೋಟೋ ತೆಗೆದು ಪತ್ರಿಕೆಗೆ ಕಳಿಸುತ್ತಾರೆ. ಸಂಜೆ ಗೋಣಿಚೀಲ ಮಡಚಿದಲ್ಲಿಗೆ ಎಲ್ಲವೂ ಮುಗಿಯುತ್ತದೆ. ಮರುದಿನ ಬೆಳಿಗ್ಗೆ ಮತ್ತೆ ಪಾಠ ಹನ್ನೊಂದು, ಪುಟ ಎಪ್ಪತ್ತೆರಡು. ಮಕ್ಕಳ ಮನಸ್ಸಿನಲ್ಲಿ ನಿನ್ನೆಯ ನೂರು ಪ್ರಶ್ನೆಗಳು ಇನ್ನೂ ಬಿಸಿಯಾಗಿರುವಾಗಲೇ ಅವುಗಳ ಮೇಲೆ ಮುಚ್ಚಳ ಬೀಳುತ್ತದೆ.

ಹಾಗೆ ಮುಚ್ಚಳ ಹಾಕದ ಒಬ್ಬ ಟೀಚರನ್ನು ನಾನು ಬಲ್ಲೆ. ಸಂತೆಯ ಮರುದಿನ ಅವರು ಮೊದಲ ಎರಡು ಪೀರಿಯಡ್ಡುಗಳನ್ನು ಲೆಕ್ಕ ಒಪ್ಪಿಸುವುದಕ್ಕೆಂದೇ ಇಡುತ್ತಾರೆ. ನಾನೂ ಹಿಂದಿನ ಬೆಂಚಿನಲ್ಲಿ ಕೂತು ಕೇಳಿದ್ದೇನೆ. ಏಳನೇ ತರಗತಿಯ ಹುಡುಗಿಯೊಬ್ಬಳು ಕೋಡುಬಳೆ ಮಾರಿದ್ದಳು. ಅಕ್ಕಿ ಹಿಟ್ಟು, ಹುರಿಗಡಲೆ, ಕೊಬ್ಬರಿ, ಎಣ್ಣೆ, ಖಾರದ ಪುಡಿ ಎಲ್ಲ ಸೇರಿ ಅಸಲು 210 ರೂಪಾಯಿ. ಒಂದಕ್ಕೆ 5 ರೂಪಾಯಿಯಂತೆ 66 ಕೋಡುಬಳೆ ಖರ್ಚಾಗಿ 330 ಬಂತು. ಲಾಭ 120. ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದು, ಹೆಮ್ಮೆಯಿಂದ ತಿರುಗಿದಳು.

"ಕೋಡುಬಳೆ ಮಾಡಿದ್ದು ಯಾರು ಪುಟ್ಟಾ?" ಎಂದರು ಟೀಚರ್.

"ಅಮ್ಮ, ಮಿಸ್."

"ಎಷ್ಟು ಹೊತ್ತು ಹಿಡೀತು?"

"ನಾಲ್ಕು ಗಂಟೆಗೆ ಎದ್ದಿದ್ರು ಮಿಸ್. ನಾನು ಶಾಲೆಗೆ ಹೊರಡೋವರೆಗೂ ಮಾಡ್ತಾನೇ ಇದ್ರು."

ಟೀಚರ್ ತರಗತಿಯ ಕಡೆ ತಿರುಗಿ, ನಮ್ಮೂರಿನಲ್ಲಿ ಅರ್ಧ ದಿನದ ಕೂಲಿ ಎಷ್ಟು ಎಂದು ಕೇಳಿದರು. ಕಳೆ ಕೀಳಲು ಹೋಗುವ ತಾಯಂದಿರ ಮಕ್ಕಳೇ ತುಂಬಿದ್ದ ತರಗತಿ ಅದು. "ಇನ್ನೂರು ಮಿಸ್" ಎಂದು ನಾಲ್ಕಾರು ದನಿಗಳು ಒಟ್ಟಿಗೆ ಬಂದವು. ಅಸಲಿನ ಪಟ್ಟಿಗೆ ಇನ್ನೊಂದು ಸಾಲು ಸೇರಿತು, ಅಮ್ಮನ ಕೂಲಿ 200 ರೂಪಾಯಿ. 120ರ ಲಾಭ ಹೋಗಿ 80 ರೂಪಾಯಿ ನಷ್ಟ ನಿಂತಿತು. ಹುಡುಗಿ ಬೋರ್ಡನ್ನೇ ನೋಡುತ್ತಾ, "ಹಂಗಾದ್ರೆ ಅಮ್ಮಂಗೆ ನಾನು ಕೊಡೋದು ಬಾಕಿ ಇದೆ ಮಿಸ್" ಎಂದಳು. ಆಮೇಲೆ ನಡೆದ ಚರ್ಚೆಯನ್ನು ಯಾವ ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಾದರೂ ಇಡಬಹುದಿತ್ತು. ಏಳು ರೂಪಾಯಿಗೆ ಮಾರಬಹುದಿತ್ತೇ, ಮಾರಿದ್ದರೆ ಎಷ್ಟು ಜನ ಕೊಳ್ಳುತ್ತಿದ್ದರು, ಒಂದೇ ಸಲ ಎರಡರಷ್ಟು ಮಾಡಿದ್ದರೆ ಅಮ್ಮನ ಶ್ರಮ ಎರಡರಷ್ಟಾಗುತ್ತಿತ್ತೇ, ಅಥವಾ ಒಲೆ ಹೊತ್ತಿಸುವ, ಹಿಟ್ಟು ಕಲಸುವ ಕೆಲಸ ಒಂದೇ ಸಲಕ್ಕೆ ಮುಗಿಯುತ್ತಿತ್ತೇ?

ನಾನು ಕಾಲೇಜಿನಲ್ಲಿ ಪ್ರತ್ಯಕ್ಷ ವೆಚ್ಚ, ಪರೋಕ್ಷ ವೆಚ್ಚ, ಶ್ರಮದ ವೆಚ್ಚ ಎಂದು ಕಲಿಸುವುದನ್ನೆಲ್ಲ ಆ ಮಕ್ಕಳು ತಮ್ಮದೇ ಮಾತಿನಲ್ಲಿ ಆಡುತ್ತಿದ್ದರು. ಅದಕ್ಕಿಂತ ಹೆಚ್ಚಿನದೊಂದು ಅಲ್ಲಿ ನಡೆಯಿತು. ದಿನವೂ ಕಣ್ಣೆದುರೇ ನಡೆಯುವ, ಆದರೂ ಯಾವ ಲೆಕ್ಕಕ್ಕೂ ಸೇರದ ತಾಯಂದಿರ ದುಡಿಮೆ ಕಪ್ಪುಹಲಗೆಯ ಮೇಲೆ ಅಂಕಿಯಾಗಿ ಮೂಡಿತು. ಉದ್ಯಮಶೀಲತೆಯನ್ನು ಕಲಿಸುವುದೆಂದರೆ ಹೀಗೆ ಕಾಣದೇ ಉಳಿದದ್ದನ್ನು ಕಾಣುವಂತೆ ಮಾಡುವುದೂ ಹೌದು. ಬೇರೆಯವರ ಶ್ರಮವನ್ನು ಪುಕ್ಕಟೆ ಎಂದುಕೊಂಡು ಲಾಭ ಎಣಿಸುವ ಅಭ್ಯಾಸ ದೊಡ್ಡವರಾದ ಮೇಲೆ ಎಂಥೆಂಥ ಅನ್ಯಾಯಕ್ಕೆ ದಾರಿ ಮಾಡುತ್ತದೆ ಎಂದು ನಮಗೆ ಗೊತ್ತಿದೆ. ಅದನ್ನು ತಡೆಯುವ ಪಾಠ ಏಳನೇ ತರಗತಿಯಲ್ಲಿ, ಕೋಡುಬಳೆಯ ಲೆಕ್ಕದಲ್ಲಿ ಆಗುವುದಾದರೆ ಅದಕ್ಕಿಂತ ಒಳ್ಳೆಯದೇನಿದೆ!

ಅದೇ ದಿನ ಎದ್ದು ನಿಂತ ಇನ್ನೊಬ್ಬ ಹುಡುಗ ದಂಟಿನ ಸೊಪ್ಪು ಮಾರಿದವನು. ಇಪ್ಪತ್ತು ಕಟ್ಟು ತಂದಿದ್ದ. ಕಟ್ಟಿಗೆ ಹತ್ತು ರೂಪಾಯಿಯಂತೆ ಹನ್ನೊಂದು ಗಂಟೆಯೊಳಗೆ ಹನ್ನೆರಡು ಕಟ್ಟು ಹೋದವು. ಬಿಸಿಲೇರಿತು, ಸೊಪ್ಪು ಬಾಡಿತು, ನೀರು ಚಿಮುಕಿಸಿದರೂ ತಲೆ ಎತ್ತಲಿಲ್ಲ. ಐದಕ್ಕಿಳಿಸಿ ಮತ್ತೆ ನಾಲ್ಕು ಕಟ್ಟು ಮಾರಿದ. ಕೊನೆಗೆ ನಾಲ್ಕು ಉಳಿದವು, ಮನೆಗೆ ತೆಗೆದುಕೊಂಡು ಹೋದ. "ಮುಂದಿನ ಸಲ ಏನು ಮಾಡ್ತೀಯಪ್ಪಾ?" ಎಂದು ಟೀಚರ್ ಕೇಳಿದಾಗ ಅವನ ಉತ್ತರ ಸಿದ್ಧವಿತ್ತು: "ಮರದ ಕೆಳಗೆ ಜಾಗ ಹಿಡೀತೀನಿ ಮಿಸ್. ಹತ್ತು ಕಟ್ಟು ಸೊಪ್ಪು, ಹತ್ತು ನಿಂಬೆಹಣ್ಣು ತರ್ತೀನಿ. ನಿಂಬೆಹಣ್ಣು ಬಾಡಲ್ಲ." ಒಂದೇ ಸರಕಿಗೆ ಎಲ್ಲ ಬಂಡವಾಳ ಹಾಕಬಾರದು, ಬೇಗ ಕೆಡುವ ಸರಕಿನ ಜೊತೆ ಬಾಳಿಕೆ ಬರುವ ಸರಕು ಇಟ್ಟುಕೊಳ್ಳಬೇಕು, ಅಂಗಡಿಯ ಜಾಗವೂ ಬಂಡವಾಳವೇ. ಇಷ್ಟನ್ನೂ ಅವನಿಗೆ ಕಲಿಸಿದ್ದು ಉಳಿದ ಆ ನಾಲ್ಕು ಕಟ್ಟು.

ಆದ್ದರಿಂದ ತಂದೆ ತಾಯಂದಿರಲ್ಲಿ ನನ್ನದೊಂದು ಬಿನ್ನಹವಿದೆ. ಮಗನ ಮುಂದೆ ಸರಕು ಉಳಿದಿದೆ ಎಂದು ಕರಗಿ ಹೋಗಿ ಎಲ್ಲವನ್ನೂ ತಾವೇ ಕೊಳ್ಳುವ ಅಪ್ಪಂದಿರನ್ನು ಪ್ರತಿ ಸಂತೆಯಲ್ಲೂ ಕಾಣುತ್ತೇನೆ. ಪ್ರೀತಿಯೇ ಅದಕ್ಕೆ ಕಾರಣ, ಅನುಮಾನವಿಲ್ಲ. ಆದರೆ ಆ ಪ್ರೀತಿ ಮಗುವಿನ ಕೈಯಿಂದ ಅತ್ಯಂತ ಬೆಲೆಬಾಳುವ ವಸ್ತುವನ್ನು ಕಸಿದುಕೊಳ್ಳುತ್ತದೆ. ನಲವತ್ತು ರೂಪಾಯಿಯ ನಷ್ಟ ಬಾಲ್ಯದಲ್ಲಿ ಸಿಗುವ ಅಗ್ಗದ ಗುರು. ಅದೇ ಪಾಠವನ್ನು ನಲವತ್ತನೇ ವಯಸ್ಸಿನಲ್ಲಿ ಕಲಿಯುವುದಾದರೆ ಮನೆಯ ಪತ್ರವನ್ನೇ ಅಡವಿಡಬೇಕಾದೀತು.

ಉದ್ಯಮಕ್ಕೆ ಬೇಕಾದ ಮನಸ್ಸನ್ನು ಆಟದಿಂದ ಕಲಿಸಬಹುದು ಎಂಬುದಕ್ಕೆ ನಮ್ಮ ನಾಡಿನಲ್ಲೇ ದೊಡ್ಡ ಉದಾಹರಣೆಯಿದೆ. ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ 1982ರಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ಕೆಲಸವಿಲ್ಲದ ಹಳ್ಳಿಯ ಯುವಕ ಯುವತಿಯರಿಗೆ ಊಟ ವಸತಿಯೊಂದಿಗೆ ಉಚಿತ ತರಬೇತಿ, ಹಿಂದಿರುಗಿ ಸ್ವಂತ ಕೆಲಸ ಶುರುಮಾಡಿದ ಮೇಲೂ ಅವರ ಬೆನ್ನಿಗೆ ನಿಲ್ಲುವುದು ಅದರ ಕ್ರಮ. ಮುಂದೆ ಇದೇ ಮಾದರಿಯನ್ನು ಕೇಂದ್ರ ಸರ್ಕಾರ ಕೈಗೆತ್ತಿಕೊಂಡು ಜಿಲ್ಲೆಗೊಂದು ಆರ್‌ಸೆಟಿ ಎಂಬ ತರಬೇತಿ ಕೇಂದ್ರ ತೆರೆಯಲು ಹೊರಟಿತು. ಜೊತೆಗೂಡಿದ ಎರಡು ಬ್ಯಾಂಕುಗಳಲ್ಲಿ ಸಿಂಡಿಕೇಟ್ ಬ್ಯಾಂಕಿನ ಕತೆ ಇಲ್ಲಿ ನೆನಪಾಗದೆ ಇರದು. ಕೈಮಗ್ಗದ ನೇಕಾರರ ಕಷ್ಟ ನೋಡಲಾರದೆ 1925ರಲ್ಲಿ ಉಪೇಂದ್ರ ಅನಂತ ಪೈ, ಡಾ. ಟಿ.ಎಂ.ಎ. ಪೈ, ವಾಮನ ಕುಡ್ವ ಅವರು 8000 ರೂಪಾಯಿ ಬಂಡವಾಳದಿಂದ ಉಡುಪಿಯಲ್ಲಿ ಕಟ್ಟಿದ ಬ್ಯಾಂಕು ಅದು. 1928ರಲ್ಲಿ ಅದು ಪಿಗ್ಮಿ ಠೇವಣಿ ಶುರುಮಾಡಿ, ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೇ ಬಂದು ಸಂಗ್ರಹಿಸಿತು. ಮಕ್ಕಳ ಸಂತೆಯ ನೂರು ಇನ್ನೂರು ರೂಪಾಯಿಯನ್ನು ಕಂಡು, ಇದೇನು ಮಹಾ ಎನ್ನುವವರಿಗೆ ನಾನು ಆ ಎರಡಾಣೆಯನ್ನು ನೆನಪಿಸುತ್ತೇನೆ.

ಉಜಿರೆಯಂಥ ಕೇಂದ್ರಗಳಲ್ಲಿ ಹೊಲಿಗೆ, ಮೊಬೈಲ್ ರಿಪೇರಿ, ಜೇನು ಸಾಕಣೆಯ ಜೊತೆಗೆ ಶಿಬಿರಾರ್ಥಿಗಳನ್ನು ಆಟಕ್ಕೆ ಕೂರಿಸುತ್ತಾರೆ. ಕಾಗದದ ದೋಣಿ ಮಾಡುವ ಆಟದಲ್ಲಿ ಇಷ್ಟು ಹೊತ್ತಿನಲ್ಲಿ ಎಷ್ಟು ದೋಣಿ ಮಾಡಿಕೊಡುತ್ತೀರಿ ಎಂದು ಮೊದಲೇ ಹೇಳಿ, ಅದಕ್ಕೆ ತಕ್ಕಷ್ಟು ಕಾಗದ ಕೊಳ್ಳಬೇಕು. ಮಡಿಕೆ ಸರಿಯಿಲ್ಲದ ದೋಣಿಗೆ ಬೆಲೆಯಿಲ್ಲ, ಮಿಕ್ಕ ಕಾಗದವನ್ನು ಯಾರೂ ಹಿಂದೆ ತೆಗೆದುಕೊಳ್ಳುವುದಿಲ್ಲ. ಇನ್ನೊಂದು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಪಕ್ಕದವರ ಮಾತು ನಂಬಿ ಮರದ ತುಂಡುಗಳನ್ನು ಒಂದರ ಮೇಲೊಂದು ಜೋಡಿಸುವ ಆಟ. ಮೂರನೆಯದು ಉಂಗುರ ಎಸೆಯುವ ಆಟ. ನೆಟ್ಟ ಕಡ್ಡಿಗೆ ಉಂಗುರ ಬೀಳುವಂತೆ ಎಸೆಯಬೇಕು. ದೂರ ನಿಂತಷ್ಟೂ ಅಂಕ ಹೆಚ್ಚು. ಎಲ್ಲಿ ನಿಲ್ಲಬೇಕೆಂದು ಯಾರೂ ಹೇಳುವುದಿಲ್ಲ, ಆಡುವವರೇ ತೀರ್ಮಾನಿಸಬೇಕು.

ಈ ಉಂಗುರದಾಟದ ಹಿಂದೆ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಲೆಲೆಂಡ್ ಇದ್ದಾರೆ. ಸಾಧಿಸುವ ಹಂಬಲ ಹೆಚ್ಚಿರುವವರು ಕಡ್ಡಿಯ ಪಕ್ಕದಲ್ಲೂ ನಿಲ್ಲುವುದಿಲ್ಲ, ಗೋಡೆಗೆ ಬೆನ್ನು ತಾಗುವಷ್ಟು ದೂರಕ್ಕೂ ಹೋಗುವುದಿಲ್ಲ. ಪ್ರಯತ್ನಪಟ್ಟರೆ ಬೀಳಬಹುದು ಎನ್ನುವಷ್ಟು ದೂರವನ್ನು ಆರಿಸಿಕೊಳ್ಳುತ್ತಾರೆ ಎಂದು ಅವರು ಗುರುತಿಸಿದರು. ಆ ಹಂಬಲವನ್ನು ತರಬೇತಿಯಿಂದ ಬೆಳೆಸಬಹುದೇ ಎಂದು ಪರೀಕ್ಷಿಸಲು 1964ರಲ್ಲಿ ಅವರು ಆರಿಸಿಕೊಂಡದ್ದು ಆಂಧ್ರದ ಕಾಕಿನಾಡ ಪಟ್ಟಣದ ವ್ಯಾಪಾರಿಗಳನ್ನು. ಹೈದರಾಬಾದಿನಲ್ಲಿ ಅವರಿಗೆ ತರಬೇತಿ ನಡೆಯಿತು. ಆಟ ಮುಗಿದ ಮೇಲಿನ ಮಾತುಕತೆಯೇ ಅದರ ಜೀವಾಳ: ನೀನು ಅಲ್ಲೇ ಏಕೆ ನಿಂತೆ? ಮೊದಲ ಉಂಗುರ ತಪ್ಪಿದ ಮೇಲೆ ಮುಂದೆ ಬಂದೆಯೋ, ಹಟಕ್ಕೆ ಬಿದ್ದು ಹಿಂದೆ ಸರಿದೆಯೋ? ಪಕ್ಕದವನನ್ನು ನೋಡಿ ನಿನ್ನ ಜಾಗ ಬದಲಿಸಿದೆಯೋ? ಉಂಗುರ ಎಸೆದದ್ದಷ್ಟೇ ಆದರೆ ಅದು ಜಾತ್ರೆಯ ಆಟ. ಹೀಗೆ ಕೇಳಿಕೊಂಡಾಗ ಮಾತ್ರ ಅದು ಪಾಠ.

ಮಕ್ಕಳ ಸಂತೆಗೂ ಇದೇ ಮಾತು. ಎಷ್ಟು ತರಬೇಕು, ಏನು ತರಬೇಕು, ಎಷ್ಟಕ್ಕೆ ಮಾರಬೇಕು, ಯಾವಾಗ ಬೆಲೆ ಇಳಿಸಬೇಕು ಎಂಬ ತೀರ್ಮಾನ ಮಗುವಿನದ್ದಾಗಿರಬೇಕು. ಮೇಷ್ಟ್ರು ದರಪಟ್ಟಿ ಬರೆದುಕೊಟ್ಟು, ಅಪ್ಪ ಸರಕು ತಂದುಕೊಟ್ಟು, ಅಮ್ಮ ಹಿಂದೆ ಕೂತು ವ್ಯಾಪಾರ ಮಾಡಿದರೆ ಮಗುವಿಗೆ ಉಳಿಯುವುದು ಫೋಟೋಕ್ಕೆ ನಗುವ ಕೆಲಸ. ದೆಹಲಿಯ ಸರ್ಕಾರಿ ಶಾಲೆಗಳಲ್ಲಿ 2019ರಲ್ಲಿ ಉದ್ಯಮಶೀಲ ಮನೋಭಾವದ ಪಠ್ಯಕ್ರಮ ತಂದು, 2021ರಲ್ಲಿ ಬಿಸಿನೆಸ್ ಬ್ಲಾಸ್ಟರ್ಸ್ ಎಂಬ ಯೋಜನೆಯಲ್ಲಿ ಹನ್ನೊಂದು ಹನ್ನೆರಡನೇ ತರಗತಿಯ ಮಕ್ಕಳಿಗೆ ತಲಾ 2000 ರೂಪಾಯಿವರೆಗೆ ಬಂಡವಾಳ ಕೊಟ್ಟಾಗ ನನಗೆ ಹಿಡಿಸಿದ್ದು ಆ ನಂಬಿಕೆ. ಹದಿನಾರರ ಮಗುವಿನ ಕೈಗೆ ಹಣ ಕೊಟ್ಟು, ಗೆಳೆಯರ ಜೊತೆ ಕೂತು ಯೋಚನೆ ಮಾಡು, ನಡೆಸು ಎನ್ನುವುದು ಸಣ್ಣ ಮಾತಲ್ಲ.

ಎಳೆಯ ಮಕ್ಕಳ ತಲೆಯಲ್ಲಿ ದುಡ್ಡಿನ ಹುಳು ಬಿಡಬಹುದೇ ಎಂದು ಕೇಳುವ ಹಿರಿಯರಿದ್ದಾರೆ. ಅವರ ಅಳುಕನ್ನು ನಾನು ಗೌರವಿಸುತ್ತೇನೆ. ಈ ಪ್ರಶ್ನೆ ಹಳೆಯದು. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿ ನಯೀ ತಾಲೀಮಿನ ವಿಚಾರ ಮುಂದಿಟ್ಟಾಗ, ನೂಲುವುದು, ಬೇಸಾಯ, ಬಡಗಿ ಕೆಲಸಗಳ ಮೂಲಕವೇ ಶಿಕ್ಷಣ ನಡೆಯಬೇಕು, ಮಕ್ಕಳು ಮಾಡಿದ ವಸ್ತುಗಳಿಂದ ಶಾಲೆಯ ಖರ್ಚು ಹುಟ್ಟಬೇಕು ಎಂಬುದು ಅವರ ಆಶಯವಾಗಿತ್ತು. ಕೈಕೆಲಸದಿಂದ ಬುದ್ಧಿ ಬೆಳೆಯುತ್ತದೆ ಎಂಬ ಮಾತನ್ನು ಒಪ್ಪಿದವರಲ್ಲೂ, ಶಾಲೆಯ ಖರ್ಚನ್ನು ಮಕ್ಕಳ ಹೆಗಲಿಗೆ ಹಾಕಿದರೆ ಅವರು ಕೂಲಿಗಳಾಗುತ್ತಾರೆ ಎಂದು ಹೆದರಿದವರಿದ್ದರು. ಆ ಎಚ್ಚರ ಇಂದಿಗೂ ಬೇಕು. ಸಂತೆಯಲ್ಲಿ ಯಾರು ಹೆಚ್ಚು ದುಡಿದರು ಎಂದು ಬಹುಮಾನ ಕೊಡುವ ಪದ್ಧತಿ ನನಗೆ ಸರಿ ಕಾಣುವುದಿಲ್ಲ. ಬಹುಮಾನ ಕೊಡಲೇಬೇಕಾದರೆ ಅತ್ಯುತ್ತಮವಾಗಿ ಲೆಕ್ಕ ಬರೆದವರಿಗೆ, ತೂಕದಲ್ಲಿ ಮೋಸ ಮಾಡದವರಿಗೆ, ಸೋತ ಕಾರಣವನ್ನು ಸ್ಪಷ್ಟವಾಗಿ ಹೇಳಿದವರಿಗೆ ಕೊಡಲಿ.

ಉದ್ರಿಯ ಪಾಠವೂ ಮರುದಿನವೇ ಆಗುವಂಥದು. ಗೆಳೆಯ ಕೇಳಿದನೆಂದು ಎರಡು ಪ್ಲೇಟ್ ಚುರುಮುರಿ ಕಡ ಕೊಟ್ಟ ಹುಡುಗ ಬೆಳಿಗ್ಗೆ ತರಗತಿಯಲ್ಲಿ ದೂರು ಹೇಳುತ್ತಾನೆ. ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ ಎಂಬ ಗಾದೆ ಆಗ ಅವನಿಗೆ ಯಾರೂ ವಿವರಿಸಬೇಕಾಗಿಲ್ಲ. ಆದರೆ ಒಳ್ಳೆಯ ಮೇಷ್ಟ್ರು ಅಲ್ಲಿಗೆ ನಿಲ್ಲಿಸುವುದಿಲ್ಲ. ಕಡ ಕೊಡದೆ ಊರಿನಲ್ಲಿ ಅಂಗಡಿ ನಡೆಸಲಾದೀತೇ, ನಿಮ್ಮ ಬೀದಿಯ ಅಂಗಡಿಯವರು ಯಾರನ್ನು ನಂಬಿ ಬರೆದಿಟ್ಟುಕೊಳ್ಳುತ್ತಾರೆ, ನಂಬಿಕೆ ಹುಟ್ಟುವುದು ಹೇಗೆ ಎಂದು ಕೇಳುತ್ತಾರೆ. ಹುಡುಗರು ತಮ್ಮ ಮನೆಯ ಕಡದ ಪುಸ್ತಕದ ಬಗ್ಗೆ ನಾಚಿಕೆಯಿಲ್ಲದೆ ಮಾತಾಡಲು ತೊಡಗುತ್ತಾರೆ.

ಈ ಮಾತುಕತೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಸಂತೋಷ ಕೊಡುವುದು ಒಂದು ಬದಲಾವಣೆ. ಹೂ ಕಟ್ಟಿ ಮಾರುವವರ ಮಗಳು, ತಳ್ಳುಗಾಡಿಯವರ ಮಗ, ಪರೀಕ್ಷೆಯಲ್ಲಿ ಕೊನೆಯ ಸಾಲಿನಲ್ಲಿರುವ ಇಂಥ ಮಕ್ಕಳು ಅಂದು ಮುಂದೆ ಬರುತ್ತಾರೆ. ಮೊಳ ಹೂವಿಗೆ ಬೆಳಿಗ್ಗೆ ಒಂದು ದರ, ಸಂಜೆ ಒಂದು ದರ ಏಕೆ, ಹಬ್ಬದ ಹಿಂದಿನ ದಿನ ಸೇವಂತಿಗೆ ಏಕೆ ದುಬಾರಿಯಾಗುತ್ತದೆ ಎಂಬುದನ್ನು ಅವರು ವಿವರಿಸಿದಷ್ಟು ಚೆನ್ನಾಗಿ ಅರ್ಥಶಾಸ್ತ್ರದ ಪುಸ್ತಕ ವಿವರಿಸಲಾರದು. ಮೊದಲ ರ‍್ಯಾಂಕಿನ ಹುಡುಗ ಅವರನ್ನು ಪ್ರಶ್ನೆ ಕೇಳಿ ಬರೆದುಕೊಳ್ಳುವುದನ್ನು ನೋಡಿದ್ದೇನೆ. ಅಮ್ಮನ ಕೆಲಸವನ್ನು ಹೇಳಿಕೊಳ್ಳಲು ಹಿಂಜರಿಯುತ್ತಿದ್ದ ಮಗು ಅದನ್ನು ವಿದ್ಯೆಯೆಂದು ಹೇಳಿಕೊಳ್ಳುವ ಗಳಿಗೆ ಅದು. ಸ್ವಾಭಿಮಾನವಿಲ್ಲದೆ ಯಾವ ಉದ್ಯಮವೂ ಹುಟ್ಟುವುದಿಲ್ಲ, ಮತ್ತು ಆ ಸ್ವಾಭಿಮಾನವನ್ನು ಹಣ ಕೊಟ್ಟು ತರಲಾಗದು.

ಈಚೆಗೆ ಕೆಲವು ಸಂತೆಗಳಲ್ಲಿ ಮಕ್ಕಳು ಅಪ್ಪನ ಮೊಬೈಲಿನ ಕ್ಯೂಆರ್ ಕೋಡನ್ನು ರಟ್ಟಿಗೆ ಅಂಟಿಸಿ ಮುಂದೆ ಇಡುತ್ತಾರೆ. ಕಾಲಕ್ಕೆ ತಕ್ಕದ್ದೇ, ಬೇಡವೆನ್ನಲಾರೆ. ಆದರೆ ಚಿಕ್ಕ ತರಗತಿಗಳಿಗಾದರೂ ಅಂದು ನೋಟು ನಾಣ್ಯವೇ ಓಡಾಡಲಿ ಎಂಬುದು ನನ್ನ ಆಸೆ. ಎಣಿಸುವ, ಚಿಲ್ಲರೆ ಹೊಂದಿಸುವ, ಸಂಜೆ ಡಬ್ಬಿ ಸುರಿದು ಒಟ್ಟು ಮಾಡುವ ಕೆಲಸದಲ್ಲಿ ಬೆರಳುಗಳೂ ಬುದ್ಧಿಯೂ ಒಟ್ಟಿಗೆ ಕಲಿಯುತ್ತವೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಹತ್ತು ದಿನಗಳ ಬ್ಯಾಗಿಲ್ಲದ ಅವಧಿಯನ್ನು ಸೂಚಿಸಿದೆ. ಬಡಗಿ, ತೋಟಗಾರ, ಕುಂಬಾರರಂಥ ಊರಿನ ಕಸುಬುದಾರರ ಬಳಿ ಮಕ್ಕಳು ಕಲಿಯಲಿ ಎಂಬುದು ಅದರ ಉದ್ದೇಶ. ಅದರಲ್ಲಿ ಒಂದು ದಿನ ಸಂತೆಗಿರಲಿ, ಮರುದಿನ ಲೆಕ್ಕಕ್ಕಿರಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಪಠ್ಯ ಬೇಡ, ದೊಡ್ಡ ಅನುದಾನವೂ ಬೇಡ. ಒಂದು ಕಪ್ಪುಹಲಗೆ, ಎರಡು ಪೀರಿಯಡ್ಡು, ಮಕ್ಕಳ ಮಾತನ್ನು ತಡೆಯದೆ ಕೇಳುವ ಒಬ್ಬ ಮೇಷ್ಟ್ರು ಸಾಕು. ಏನು ತೀರ್ಮಾನ ಮಾಡಿದೆ, ಏಕೆ ಮಾಡಿದೆ, ಏನಾಯಿತು, ಮುಂದಿನ ಸಲ ಏನು ಮಾಡುತ್ತೀಯ ಎಂಬ ನಾಲ್ಕು ಪ್ರಶ್ನೆಗಳನ್ನು ಪ್ರತಿ ಮಗುವಿಗೂ ಕೇಳಿ, ಉತ್ತರವನ್ನು ಅದರ ಕೈಯಲ್ಲೇ ಬರೆಸಲಿ. ಆ ಮಕ್ಕಳಲ್ಲಿ ಕೆಲವರು ಮುಂದೆ ಅಂಗಡಿ ಇಡಬಹುದು, ಕಾರ್ಖಾನೆ ಕಟ್ಟಬಹುದು. ಬಹಳ ಮಂದಿ ರೈತರೋ ನರ್ಸುಗಳೋ ಗುಮಾಸ್ತರೋ ಆಗಬಹುದು. ಏನೇ ಆದರೂ ಈ ನಾಲ್ಕು ಪ್ರಶ್ನೆಗಳನ್ನು ತಮಗೆ ತಾವೇ ಕೇಳಿಕೊಳ್ಳುವ ಅಭ್ಯಾಸ ಅವರ ಜೊತೆಗಿರುತ್ತದೆ, ಮತ್ತು ಸೋತ ಮೇಲೆ ಎದ್ದು ನಿಲ್ಲುವವರಿಗೆ ಇದಕ್ಕಿಂತ ದೊಡ್ಡ ಬಂಡವಾಳ ಬೇರೊಂದಿಲ್ಲ.